ಬಿಡುಗಡೆ ಪತ್ರ ಬರೆಸುವ ಮೊದಲು ಅಕ್ಕತಂಗಿಯರನ್ನು ಒಂದು ಮಾತು ಕೇಳಿ

ನಮ್ಮ ಕಡೆ ವಯಸ್ಸಾದವರನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕಾದರೆ ಬೆಳಿಗ್ಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು. ಜಗಳೂರು, ಮಾಯಕೊಂಡ, ಆನಗೋಡು ಕಡೆಯಿಂದ ಬಂದ ಹಿರಿಯರ ಪಕ್ಕದಲ್ಲಿ ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲ ಹಿಡಿದು ನಿಂತವರಲ್ಲಿ ನನ್ನ ಕಣ್ಣಿಗೆ ಬೀಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಒಬ್ಬ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಇನ್ನೊಬ್ಬನಿಗೆ ಮೆಕ್ಕೆಜೋಳದ ಕೊಯ್ಲು. ಹೀಗಾಗಿ ಈ ಊರಿಗೆ ಕೊಟ್ಟ ಮಗಳ ಮನೆಯೇ ಅಪ್ಪ ಅಮ್ಮನಿಗೆ ಎರಡನೆಯ ಮನೆಯಾಗಿದೆ. ಮಗಳ ಮನೆಯಲ್ಲಿ ನೀರು ಮುಟ್ಟಲೂ ಹಿಂಜರಿಯುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದಾರೆ. ಈಗ ಅದೇ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಕಣ್ಣಿನ ಪೊರೆ ತೆಗೆಸಿಕೊಂಡು, ಮಂಡಿನೋವಿಗೆ ಔಷಧಿ ತೆಗೆದುಕೊಂಡು ಹೋಗುತ್ತಾರೆ. ಅಳಿಯಂದಿರು ಮುಖ ಸಿಂಡರಿಸದೆ ಆಟೊ ಕರೆದುಕೊಂಡು ಬರುತ್ತಾರೆ. ಇದು ಒಳ್ಳೆಯ ಬದಲಾವಣೆ ಎಂದು ನಾನು ಮನಸಾರೆ ನಂಬಿದ್ದೇನೆ.

ಆದರೆ ಕುಟುಂಬ ಇಷ್ಟು ಬದಲಾದರೂ ಒಂದು ಕಾಗದ ಮಾತ್ರ ಬದಲಾಗಿಲ್ಲ. ಹಕ್ಕು ಬಿಡುಗಡೆ ಪತ್ರ, ಅಂದರೆ ತವರಿನ ಆಸ್ತಿಯಲ್ಲಿ ತನಗಿರುವ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಹೆಣ್ಣುಮಗಳು ಬರೆದುಕೊಡುವ ಪತ್ರ.

ಕಳೆದ ವರ್ಷ ಬೇರೊಂದು ಕೆಲಸಕ್ಕೆ ನಮ್ಮ ಜಿಲ್ಲೆಯ ಒಂದು ಉಪನೋಂದಣಿ ಕಚೇರಿಗೆ ಹೋಗಿದ್ದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಹೆಂಗಸಿಗೆ ಅರವತ್ತರ ಹತ್ತಿರ ವಯಸ್ಸು. ಮಡಿಲಲ್ಲಿ ಅಂಗಡಿಯ ಕವರಿನಲ್ಲಿ ಹೊಸ ಸೀರೆ. ತಮ್ಮನ ಮಗ ಮಿರ್ಚಿ ಮಂಡಕ್ಕಿ ತಂದುಕೊಟ್ಟು, "ಅತ್ತೆ, ಇನ್ನು ಅರ್ಧ ಗಂಟೆ, ಹೆಸರು ಕೂಗುತ್ತಾರೆ" ಎಂದು ಹೇಳಿ ಹೋದ. ಏನು ಪತ್ರ ಅಕ್ಕಾ ಎಂದು ಕೇಳಿದೆ. "ಗೊತ್ತಿಲ್ಲಮ್ಮ, ಅಪ್ಪನ ಹೆಸರಿನ ಖಾತೆ ಬದಲಾಯಿಸಬೇಕಂತೆ, ತಮ್ಮ ಬಾ ಎಂದ, ಬಂದೆ" ಎಂದರು. ಹೆಸರು ಕೂಗಿದಾಗ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಕ್ಯಾಮೆರಾದ ಮುಂದೆ ಕೂರಿಸಿ ಫೋಟೊ ತೆಗೆದರು, ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿದರು. ನನ್ನ ಎದುರಿಗೆ ಆ ಪತ್ರವನ್ನು ಅವರಿಗೆ ಯಾರೂ ಓದಿ ಹೇಳಲಿಲ್ಲ. ಹೊರಗೆ ಬಂದ ಅವರ ಮುಖದಲ್ಲಿ ತಮ್ಮನಿಗೆ ಉಪಕಾರ ಮಾಡಿದ ಸಂತೋಷವಿತ್ತು.

ಆ ಸಂತೋಷವನ್ನು ನಾನು ಹಗುರವಾಗಿ ನೋಡುವುದಿಲ್ಲ. ತವರಿನಲ್ಲಿ ಕರೆಯುವವರು ಇರಬೇಕು, ಹಬ್ಬಕ್ಕೆ ಹೋದರೆ ಬಾಗಿಲು ತೆರೆದಿರಬೇಕು ಎಂಬ ಆಸೆ ನಮ್ಮ ಹೆಂಗಸರಲ್ಲಿ ಎಷ್ಟು ಆಳವಾಗಿದೆ ಎಂದು ನನಗೆ ಗೊತ್ತು. ನನ್ನ ಸಿಟ್ಟಿರುವುದು ಆ ಆಸೆಯನ್ನು ಒತ್ತೆ ಇಟ್ಟುಕೊಂಡು ಸಹಿ ಪಡೆಯುವವರ ಮೇಲೆ.

ಕಾನೂನು ಈ ವಿಷಯದಲ್ಲಿ ಮನೆಗಳಿಗಿಂತ ಬಹಳ ಮುಂದೆ ನಡೆದಿದೆ. ನಮ್ಮ ಭಾಗ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂದು, ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಪಾಲು ಇರಬೇಕೆಂದು ಹೇಳಿತ್ತು. 1994ರಲ್ಲಿ ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಆ ತಿದ್ದುಪಡಿ ಬರುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. ಆ ದಿನ ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮವಾಗಿ ಆಗಿಹೋದ ವಿಭಾಗಗಳನ್ನು ಕೆದಕುವಂತಿಲ್ಲ, ನಿಜ. ಆದರೆ "ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ" ಎಂಬ ವಾದವನ್ನು ನ್ಯಾಯಾಲಯ ಸುಲಭಕ್ಕೆ ಒಪ್ಪುವುದಿಲ್ಲ. ವೀರಶೈವರು, ಲಿಂಗಾಯತರು ಈ ಉತ್ತರಾಧಿಕಾರ ಕಾಯ್ದೆಯ ಒಳಗೇ ಬರುತ್ತಾರೆ. ಕಾಯ್ದೆಯಲ್ಲಿ ಹೆಸರು ಹಿಡಿದೇ ಹೇಳಿದೆ. "ನಮ್ಮಲ್ಲಿ ಆ ಪದ್ಧತಿ ಇಲ್ಲ" ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ, ಅದಕ್ಕೇ ಇದನ್ನು ಬರೆದೆ.

ಇನ್ನೊಂದು ಕಾಯ್ದೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಪ್ರಕಾರ ತಂದೆತಾಯಿ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು, ಮತ್ತು ಅಲ್ಲಿ ಮಕ್ಕಳು ಎಂದರೆ ಮಗಳೂ ಸೇರುತ್ತಾಳೆ. ಹೊಣೆ ಹೊರಲು ಅವಳು ಮಗನಿಗೆ ಸಮ. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲೂ ಸಮ. ಪಹಣಿಯ ವಿಷಯ ಬಂದಾಗ ಮಾತ್ರ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು!

ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಈಗ ಇದು ಬರಿಯ ಮಾತಿನ ಜಗಳವಾಗಿಯೂ ಉಳಿದಿಲ್ಲ. ತುಮಕೂರು-ದಾವಣಗೆರೆ ರೈಲು ಮಾರ್ಗ, ಹೆದ್ದಾರಿ, ಚಿತ್ರದುರ್ಗದ ಕಡೆ ಭದ್ರಾ ಮೇಲ್ದಂಡೆಯ ಕಾಲುವೆ, ಹೀಗೆ ಒಂದಲ್ಲ ಒಂದಕ್ಕೆ ಭೂಮಿ ಹೋಗುತ್ತಲೇ ಇದೆ. ದಾವಣಗೆರೆಯ ಸುತ್ತ ಗದ್ದೆಗಳು ನಿವೇಶನಗಳಾಗುತ್ತಿವೆ. ಪರಿಹಾರದ ಹಣ ಬರಬೇಕಾದರೆ ವಂಶವೃಕ್ಷ ಬೇಕು, ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಇರಬೇಕು. ವರ್ಷಗಟ್ಟಲೆ ಒಂದು ಫೋನ್ ಮಾಡದ ಅಣ್ಣಂದಿರು ಆಗ ಹರಿಹರಕ್ಕೋ ರಾಣೇಬೆನ್ನೂರಿಗೋ ಕಾರು ತೆಗೆದುಕೊಂಡು ಹೋಗಿ ತಂಗಿಯನ್ನು ಕರೆತರುತ್ತಾರೆ.

ಅಣ್ಣತಮ್ಮಂದಿರ ಕಡೆಯ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. "ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ" ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮಗನ ಓದಿಗೆ, ಅವನ ಮದುವೆಗೆ ಹೋದ ಹಣವನ್ನು ಅವನ ಪಾಲಿನಲ್ಲಿ ಯಾವ ಮನೆಯೂ ಕಳೆಯುವುದಿಲ್ಲ. ಆದರೆ ಊರಿನಲ್ಲೇ ಉಳಿದು, ಭದ್ರಾ ನಾಲೆಯಲ್ಲಿ ನೀರು ಬಂತೋ ಇಲ್ಲವೋ ಎಂದು ರಾತ್ರಿಯೆಲ್ಲ ಗದ್ದೆಯ ಬದುವಿನ ಮೇಲೆ ಕಾದ ತಮ್ಮನ ಮಾತು ಬೇರೆ. ಇರುವ ಎರಡು ಎಕರೆಯನ್ನು ನಾಲ್ಕು ತುಂಡು ಮಾಡಿದರೆ ಯಾರೂ ಬೇಸಾಯ ಮಾಡಲು ಆಗುವುದಿಲ್ಲ ಎಂಬ ಅವನ ಸಂಕಟ ನಿಜವಾದದ್ದು. ಅದಕ್ಕೆ ಉತ್ತರ ಕೂತು ಮಾತನಾಡಿದರೆ ಸಿಗುತ್ತದೆ. ಸೀರೆ ಕೊಟ್ಟು ಹೆಬ್ಬೆರಳು ಒತ್ತಿಸಿಕೊಂಡರೆ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಪ್ಪ ಹೋದ ಮೇಲೆ ನನಗೂ ಇಂಥದ್ದೇ ಕರೆ ಬಂತು. ಪತ್ರವನ್ನು ಎಲ್ಲರ ಮುಂದೆ ಓದಿ ಎಂದೆ. ಓದಿ ಮುಗಿದಾಗ, ಇದಕ್ಕೆ ಸಹಿ ಹಾಕುವುದಿಲ್ಲ, ಬೇರೆ ಪತ್ರ ಬರೆಯೋಣ ಎಂದೆ. "ನೀನು ಕೋರ್ಟಿಗೆ ಹೋಗುವವಳೇ?" ಎಂದು ಅಣ್ಣ ಎದ್ದು ಹೋದ. ದೊಡ್ಡಪ್ಪ "ಪಾಲಿಗೆ ಬಂದದ್ದು ಪಂಚಾಮೃತ ಎಂದುಕೋ" ಎಂದರು. ಬಂದರೆ ತಾನೇ, ಎಂದೆ. ಬಹಳ ದಿನ ಮಾತು ನಿಂತುಹೋಗಿತ್ತು, ಒಂದು ಗೃಹಪ್ರವೇಶಕ್ಕೆ ಕರೆಯೂ ಬರಲಿಲ್ಲ. ಆ ದಿನಗಳಲ್ಲಿ ಅಮ್ಮ ನನ್ನ ಮನೆಯಲ್ಲೇ ಇದ್ದರು. ಅವರು ಪಟ್ಟ ಯಾತನೆಯನ್ನು ನೋಡಲಾಗುತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದವನು ಊರಿನಲ್ಲಿದ್ದ ತಮ್ಮನೇ. ಗದ್ದೆ ಉಳುವ ಅವನಿಗೆ ಉಳಿಯಿತು. ಅಪ್ಪ ದಾವಣಗೆರೆಯಲ್ಲಿ ಕೊಂಡಿದ್ದ ನಿವೇಶನ ನನಗೆ ಬಂತು. ಅಣ್ಣನಿಗೆ ತೋಟದ ಪಾಲು. ಊರಿನ ಮನೆಯಲ್ಲಿ ಅಮ್ಮ ಇರುವಷ್ಟು ದಿನ ಅವರನ್ನು ಯಾರೂ ಎಬ್ಬಿಸುವಂತಿಲ್ಲ ಎಂಬ ಮಾತನ್ನು ವಿಭಾಗ ಪತ್ರದಲ್ಲೇ ಬರೆಸಿದೆವು. ಅಣ್ಣನ ಜೊತೆ ಹಳೆಯ ಸಲಿಗೆ ಪೂರ್ತಿ ಮರಳಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮತ್ತೆ ಅದೇ ಸಂದರ್ಭ ಬಂದರೆ ನಾನು ಅದೇ ಮಾತನ್ನು ಹೇಳುತ್ತೇನೆ.

ಈ ಬರಹವನ್ನು ಓದುತ್ತಿರುವ ಅಣ್ಣತಮ್ಮಂದಿರಿಗೆ ನನ್ನ ಕೋರಿಕೆ ಇಷ್ಟೇ: ಪತ್ರ ಬರಹಗಾರರ ಹತ್ತಿರ ಹೋಗುವ ಮೊದಲು ಅಕ್ಕತಂಗಿಯರ ಮನೆಗೆ ಹೋಗಿ. ಆಸ್ತಿ ಎಲ್ಲೆಲ್ಲಿ ಎಷ್ಟಿದೆ, ಈಗಿನ ಬೆಲೆ ಏನು, ಸಾಲ ಎಷ್ಟಿದೆ ಎಂದು ಬಿಚ್ಚಿ ಹೇಳಿ. ಅವರು ತಿಳಿದೂ ಬೇಡ ಎಂದರೆ ಅದು ಅವರ ಇಷ್ಟ. ಅಕ್ಕತಂಗಿಯರೇ, ಖಾತೆ ಬದಲಾವಣೆಗೆ ಎಂದು ಕರೆದರೆ ಪತ್ರದ ತಲೆಬರಹ ಮೊದಲು ಓದಿ. ಓದು ಬಾರದಿದ್ದರೆ ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಮೋಸದಿಂದ ಸಹಿ ಪಡೆದಿದ್ದಾರೆ ಎಂದು ತಿಳಿದರೆ ಆ ಪತ್ರವನ್ನು ರದ್ದುಪಡಿಸಲು ದಾವೆ ಹೂಡುವುದಕ್ಕೆ ಇರುವ ಕಾಲಾವಧಿ ತಿಳಿದ ದಿನದಿಂದ 3 ವರ್ಷ. ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಎಂದು ಮುಂದೂಡುವುದರಲ್ಲೇ ಆ ಮೂರು ವರ್ಷ ಮುಗಿದುಹೋಗುತ್ತದೆ.