ಅರ್ಥ ಮಾಡ್ಕೊಂಡು ಸೈನ್ ಹಾಕು ಮಗು

ಅಮೆರಿಕದಲ್ಲಿ ಸ್ಟೂಡೆಂಟ್ ಲೋನ್ ಕಟ್ಟೋಕಾಗ್ತಿಲ್ಲ ಅಂತ ಯಾರಾದ್ರೂ ಬಾಯಿ ಬಿಟ್ರೆ ಸಾಕು, ದೊಡ್ಡೋರೆಲ್ಲ ಒಂದೇ ರಾಗ ಹಾಡ್ತಾರೆ, ಸೈನ್ ಹಾಕೋ ಮುಂಚೆ ಓದಿ ಅರ್ಥ ಮಾಡ್ಕೋಬೇಕಿತ್ತಪ್ಪಾ ಅಂತ. ಒಳ್ಳೇ ಮಾತೇ. ಆದ್ರೆ ಈ ಸಾಲ ಕೊಡೋ ಸರ್ಕಾರಕ್ಕೆ, ಅದನ್ನ ವಸೂಲಿ ಮಾಡೋ ಕಂಪನಿಗೆ ಅದು ಅರ್ಥ ಆಗಿದ್ಯಾ ಅಂತ ಯಾರೂ ಕೇಳಲ್ಲ ನೋಡಿ, ಅದಕ್ಕೇ ನಾನು ಕೇಳ್ತಿರೋದು.

ಕಾಲೇಜಿಂದ ಬರೋ ಲೆಟರ್ರನ್ನೇ ತಗೊಳ್ಳಿ. ಮೇಲ್ಗಡೆ ಕಂಗ್ರಾಜುಲೇಶನ್ಸ್, ಕೆಳಗೆ ನಿಮಗೆ ಸಿಕ್ಕಿರೋ ನೆರವಿನ ಪಟ್ಟಿ, ಗ್ರಾಂಟು, ಸ್ಕಾಲರ್‌ಶಿಪ್ಪು, ಅವುಗಳ ಸಾಲಲ್ಲೇ ಸಾಲಾನೂ ಬಿಳಿ ಬಟ್ಟೆ ಹಾಕ್ಕೊಂಡು ಕೂತಿರುತ್ತೆ. 2018ರಲ್ಲಿ ನ್ಯೂ ಅಮೆರಿಕ, ಯುಆಸ್ಪೈರ್ ಅನ್ನೋ ಸಂಸ್ಥೆಗಳು ಇಂಥ ಲೆಟರ್ ಕೂಡಿಹಾಕಿ ನೋಡಿದ್ರೆ, 455 ಕಾಲೇಜು ಸೇರಿ ಒಂದೇ ಥರದ ಸಾಲಕ್ಕೆ 136 ಹೆಸರು ಇಟ್ಟಿದ್ವು, ಅದ್ರಲ್ಲಿ 24 ಹೆಸರಲ್ಲಿ ಲೋನ್ ಅನ್ನೋ ಪದವೇ ಇಲ್ಲ! ನಮ್ ಹುಡುಗ ಅರ್ಥ ಮಾಡ್ಕೋಬೇಕಂತೆ.

ಆ ಲೆಟರ್ ಬರ್ಬೇಕಾದ್ರೆ ಸರ್ಕಾರದ ನೆರವಿಗೆ ಅರ್ಜಿ ಹಾಕೋ ಫಾಫ್ಸಾ ಅನ್ನೋ ಫಾರಂ ತುಂಬಿರ್ಬೇಕು. ಇದು ಭಾರೀ ಕಷ್ಟ ಅಂತ 2020ರಲ್ಲಿ ಅಲ್ಲಿನ ಸಂಸತ್ತು ಸರಳ ಮಾಡಿ ಅಂತ ಕಾನೂನು ಮಾಡ್ತು. ಮೂರು ವರ್ಷ ಕೂತು ಸರಳ ಮಾಡಿದ್ರು. ಮಾಮೂಲಾಗಿ ಅಕ್ಟೋಬರಲ್ಲಿ ಬರೋ ಫಾರಂ 2023ರ ಡಿಸೆಂಬರ್ ಕೊನೇಲಿ ಕಣ್ಣು ಬಿಡ್ತು, ಅದೂ ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ. 2000ದಲ್ಲಿ ಹುಟ್ಟಿದ ಮಕ್ಕಳು ಫಾರಂ ತುಂಬೋಕೆ ಕೂತ್ರೆ ಒಂದ್ ಕಡೆ ಬಂದು ಮುಂದಕ್ಕೇ ಹೋಗ್ತಿರ್ಲಿಲ್ಲ. 2000 ಇಸವಿ ಬಂದ್ರೆ ಕಂಪ್ಯೂಟರೆಲ್ಲ ಕೆಟ್ಟುಹೋಗುತ್ತೆ, ವೈಟುಕೆ ವೈಟುಕೆ ಅಂತ 1999ರಲ್ಲಿ ಇಡೀ ಪ್ರಪಂಚ ಹೆದರ್ಕೊಂಡು ಕೂತಿತ್ತಲ್ಲ, ಅದು ಎಲ್ಲೂ ಹೋಗಿರ್ಲಿಲ್ಲ ಸ್ವಾಮಿ, ಶಿಕ್ಷಣ ಇಲಾಖೇಲಿ ಫೈಲ್ ಮೂವ್ ಆಗೋಕೆ 24 ವರ್ಷ ಹಿಡೀತು ಅಷ್ಟೇ. ಸರಿ ಫೋನ್ ಮಾಡಿ ಕೇಳೋಣ ಅಂದ್ರೆ ಮೊದಲ ಐದು ತಿಂಗಳಲ್ಲಿ ಬಂದ 54 ಲಕ್ಷ ಕಾಲಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಯಾರೂ ಎತ್ತಲೇ ಇಲ್ಲ, ಇದನ್ನ ನಾನು ಹೇಳ್ತಿಲ್ಲ, ಅವರದ್ದೇ ಸರ್ಕಾರಿ ಆಡಿಟ್ ಸಂಸ್ಥೆ ಜಿಎಒ ಹೇಳಿದ್ದು.

ಫಾರಂ ದಾಟಿದ್ರೆ ಒಂದು ನಂಬರ್ ಬರುತ್ತೆ, ಮನೆಯವ್ರು ಎಷ್ಟು ಕೊಡಬಲ್ಲರು ಅಂತ ಅಳೆಯೋದು. ತೀರಾ ಬಡವರಿಗೆ ಅದು ಮೈನಸ್ 1500ರ ತನಕ ಇಳಿಯುತ್ತೆ. ಓ ಹಂಗಾದ್ರೆ ಆ 1500 ಡಾಲರ್ ಅವರೇ ಕೊಡ್ತಾರೇನೋ ಅನ್ಕೋಬೇಡಿ, ಪೆಲ್ ಗ್ರಾಂಟು ಅಂತ ವಾಪಸ್ ಕೊಡ್ಬೇಕಿಲ್ಲದ ದುಡ್ಡು ವರ್ಷಕ್ಕೆ ಜಾಸ್ತಿ ಅಂದ್ರೆ 7395 ಡಾಲರ್ ಕೊಡ್ತಾರೆ, ಮೈನಸ್ಸಲ್ಲಿರೋನು ಮಿಕ್ಕಿದ್ದಕ್ಕೆ ಸಾಲ ಮಾಡಿ ಇನ್ನೂ ಮೈನಸ್ ಆಗ್ಬಹುದು. ಫಸ್ಟ್ ಇಯರ್ ಹುಡುಗನಿಗೆ 5500 ಡಾಲರ್ ಲೋನ್ ಕೊಟ್ಟು ಕೈಗೆ ಕೊಡೋ ಮುಂಚೆನೇ ಫೀ ಅಂತ 58 ಡಾಲರ್ ಮುರ್ಕೋತಾರೆ, ಬಡ್ಡಿ ಮಾತ್ರ ಕಣ್ಣಲ್ಲೇ ನೋಡದ ಆ 58ಕ್ಕೂ ಸೇರಿಸಿ. ಚಿಲ್ಲರೆ ವಿಷ್ಯ ಬಿಡಿ.

ಅಸಲಿ ತಮಾಷೆ ಇರೋದು ಸಾಲ ಮನ್ನಾದಲ್ಲಿ. 2007ರಲ್ಲಿ ಬುಷ್ ಸಾಹೇಬ್ರು ಕಾನೂನಿಗೆ ರುಜು ಹಾಕಿದ್ರು, ಟೀಚರ್ರು, ನರ್ಸು, ಸರ್ಕಾರಿ ಕೆಲಸದೋರು ಹತ್ತು ವರ್ಷ ಸೇವೆ ಮಾಡ್ಕೊಂಡು 120 ಕಂತು ಕಟ್ಲಿ, ಉಳಿದದ್ದು ಮನ್ನಾ ಅಂತ. ಜನ ನಂಬಿ ಹತ್ತು ವರ್ಷ ಕಟ್ಟಿದ್ರು. 2017ರಲ್ಲಿ ಬಾಗಿಲು ತೆಗೀತು, 2018ರ ಮಧ್ಯದ ಹೊತ್ತಿಗೆ ಸುಮಾರು 29 ಸಾವಿರ ಅರ್ಜಿ ನೋಡಿ ಮುಗಿಸಿದ್ರು, ಎಷ್ಟು ಜನಕ್ಕೆ ಮನ್ನಾ ಆಯ್ತು ಗೊತ್ತಾ, 96. ಸೊನ್ನೆ ಬಿಟ್ಟುಹೋಗಿಲ್ಲ, ತೊಂಬತ್ತಾರೇ! ನಿಮ್ದು ಬೇರೆ ಜಾತಿ ಲೋನು, ನಿಮ್ದು ಬೇರೆ ಕಂತಿನ ಪ್ಲಾನು, ಹಿಂಗೆ ಒಬ್ಬೊಬ್ರಿಗೆ ಒಂದೊಂದು ಕಾರಣ. ಮುಂದಿನ ತಿಂಗಳದ್ದೂ ಇರ್ಲಿ ಅಂತ ಸೇರಿಸಿ ಕಟ್ಟಿದ ಶಿಸ್ತಿನ ಮನುಷ್ಯನಿಗೆ ಮುಂದಿನ ತಿಂಗಳು ಬಾಕಿ ಸೊನ್ನೆ, ಬಾಕಿನೇ ಇಲ್ಲದ ತಿಂಗಳು ಆಗ ಕಂತಿನ ಲೆಕ್ಕಕ್ಕೆ ಬರ್ತಿರ್ಲಿಲ್ಲ, ಅಂದ್ರೆ ಮುಂಚೆ ಕಟ್ಟಿದ್ದೇ ಅವನ ತಪ್ಪು. ದೇವರು ಕೊಟ್ರೂ ಪೂಜಾರಿ ಕೊಡ ಅನ್ನೋದು ಅಮೆರಿಕಕ್ಕೂ ಅನ್ವಯಿಸುತ್ತೆ ಅಂತ ಆಯ್ತಲ್ಲ.

ಛೆ ಪಾಪ ಅನ್ಸಿ ಸಂಸತ್ತು ಅದೇ ವರ್ಷ ಇಂಥೋರಿಗೇ ಅಂತ 70 ಕೋಟಿ ಡಾಲರ್ ಎತ್ತಿಟ್ಟು ಎರಡನೇ ಚಾನ್ಸ್ ಕೊಟ್ತು. ಒಂದು ವರ್ಷದಲ್ಲಿ 54 ಸಾವಿರ ಅರ್ಜಿ, ಪಾಸಾಗಿದ್ದು 661. ಫೇಲಾದೋರಲ್ಲಿ ಬಹುಪಾಲು ಜನ ಮಾಡಿದ ಅಪರಾಧ ಏನಂದ್ರೆ, ತಮಗೆ ಸಿಗಲ್ಲ ಅಂತ ಗೊತ್ತಿರೋ ಆ ಮೊದಲ್ನೇ ಸ್ಕೀಮಿಗೆ ಅರ್ಜಿ ಹಾಕಿ ರಿಜೆಕ್ಟ್ ಆಗದೇ ಸೀದಾ ಇಲ್ಲಿಗೆ ಬಂದಿದ್ದು! ಮೊದಲು ಶಾಸ್ತ್ರೋಕ್ತವಾಗಿ ಒದೆಸ್ಕೊಂಡು ಬಾ, ಆಮೇಲೆ ಮುಲಾಮು. 2021ರಿಂದ ರೂಲ್ಸ್ ಸಡಿಲ ಮಾಡಿದ್ದೇ ತಡ, 2024ರ ಹೊತ್ತಿಗೆ ಹತ್ತು ಲಕ್ಷ ದಾಟಿ ಜನಕ್ಕೆ ಮನ್ನಾ ಆಯ್ತು, ಹಾಗಾದ್ರೆ ಅಲ್ಲೀವರೆಗೂ ಅರ್ಥ ಆಗದೇ ಇದ್ದಿದ್ದು ಯಾರಿಗೆ ಅಂತ ನೀವೇ ಹೇಳಿ.

ಬೈಡನ್ 10ರಿಂದ 20 ಸಾವಿರ ಡಾಲರ್ ತನಕ ಒಂದು ಆದಾಯದ ಮಿತಿಯೊಳಗಿರೋರದ್ದೆಲ್ಲ ಮನ್ನಾ ಮಾಡ್ತೀನಿ ಅಂತ ಹೊರಟಾಗ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ತಡೀತು. ಅಧಿಕಾರ ಇದ್ಯಾ ಇಲ್ವಾ ಅನ್ನೋದು ದೊಡ್ಡ ವಾದ, ಅದು ವಕೀಲರಿಗಿರ್ಲಿ, ಕೇಸ್ ಹಾಕೋಕೆ ನಿಮಗೇನ್ ನಷ್ಟ ಆಯ್ತು ಅಂತ ಕೇಳಿದಾಗ ಮಿಸ್ಸೌರಿ ರಾಜ್ಯ ಕೊಟ್ಟ ಉತ್ತರ ಬಂಗಾರ. ನಮ್ಮ ರಾಜ್ಯದ ಮೊಹೆಲಾ ಅನ್ನೋ ಸಂಸ್ಥೆ ಕಂತು ವಸೂಲಿ ಮಾಡ್ಕೊಡುತ್ತೆ, ಜನರ ಸಾಲ ತೀರಿಹೋದ್ರೆ ಅದಕ್ಕೆ ವರ್ಷಕ್ಕೆ 4 ಕೋಟಿ 40 ಲಕ್ಷ ಡಾಲರ್ ಫೀ ಖೋತಾ ಅಂತ! ಕೋರ್ಟೂ ಹೌದಲ್ವಾ ಅಂತು. ಮೊಹೆಲಾ ತಾನೇ ಬಂದು ಕೇಸ್ ಹಾಕಿರ್ಲಿಲ್ಲ ಅನ್ನೋದು ಬೇರೆ ಮಾತು.

ಆಮೇಲೆ ಸೇವ್ ಅಂತ, ಆದಾಯಕ್ಕೆ ತಕ್ಕಂತೆ ಕಂತು ಕಟ್ಟೋ ಹೊಸ ಪ್ಲಾನ್ ಬಂತು, 2024ರಲ್ಲಿ ಕೋರ್ಟು ಅದನ್ನೂ ನಿಲ್ಲಿಸ್ತು, ಲಕ್ಷಾಂತರ ಜನ ಕಟ್ಟೋಹಂಗೂ ಇಲ್ಲ ಬಿಡೋಹಂಗೂ ಇಲ್ಲ ಅಂತ ನೇತಾಡ್ತಾ ಇದ್ರು, 2025ರ ಆಗಸ್ಟಿಂದ ನೇತಾಡೋದಕ್ಕೂ ಬಡ್ಡಿ ಶುರುವಾಯ್ತು. ಈಗ 2026ರ ಜುಲೈಯಿಂದ ಇನ್ನೊಂದು ಹೊಸ ಪ್ಲಾನು ಅಂತ ಕಾನೂನಲ್ಲಿ ಬರೆದಿದ್ದಾರೆ, ಅದ್ರಲ್ಲಿ 30 ವರ್ಷ ಕಟ್ಟಿದ್ಮೇಲೆ ಮನ್ನಾ ಅಂತೆ. ಹಿಂದಿನದು ಒಂದು ವರ್ಷ ನೆಟ್ಟಗೆ ಬಾಳ್ಲಿಲ್ಲ, ಇದಕ್ಕೆ ಮೂವತ್ತು ವರ್ಷದ ಜಾತಕ ಬರೆದು ಕೂತಿದ್ದಾರೆ.