ಕರೆಗೆ ಕಾಯದೆ ರಾಜಕೀಯಕ್ಕೆ ಬಂದ ವಿಜ್ಞಾನಿ

ವಿಜ್ಞಾನಿಯೊಬ್ಬರು ದೇಶದ ಚುಕ್ಕಾಣಿ ಹಿಡಿಯಬೇಕು ಎಂಬ ಮಾತು ಬಂದರೆ ನಮ್ಮವರ ಬಾಯಲ್ಲಿ ಮೊದಲು ಬರುವ ಹೆಸರು ಅಬ್ದುಲ್ ಕಲಾಂ. ಬರಬೇಕಾದ್ದೇ. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಇಯಲ್ಲಿ ‘ನಂದಿ’ ಹೋವರ್‌ಕ್ರಾಫ್ಟ್ ಕಟ್ಟಿದ ಆ ಎಂಜಿನಿಯರ್ 2002ರಲ್ಲಿ ರಾಷ್ಟ್ರಪತಿಯಾದಾಗ ನಮ್ಮ ಮನೆಗಳಲ್ಲಿ ಆದ ಸಂತೋಷ ನನಗೆ ಇನ್ನೂ ನೆನಪಿದೆ. ಬರ್ಲಿನ್ನಿಗೆ ಬಂದು ನೆಲೆಸಿದ ಮೇಲೆ ಇನ್ನೊಬ್ಬ ವಿಜ್ಞಾನಿಯ ಸಾರ್ವಜನಿಕ ಬದುಕನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದೆ: ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥೆ, ಆಗಿದ್ದ ಆಂಗೆಲಾ ಮರ್ಕೆಲ್. ಇಬ್ಬರಲ್ಲಿ ಯಾರು ಹೆಚ್ಚು ಎಂದು ತೂಗುವ ಇಷ್ಟ ನನಗಿಲ್ಲ. ಇಬ್ಬರೂ ಆ ಹುದ್ದೆಗೆ ಹೋದ ದಾರಿ ಬೇರೆ ಬೇರೆ. ಓದಿದ ಕನ್ನಡಿಗರು ಯೋಚಿಸಬೇಕಾದ ವಿಷಯ ಆ ದಾರಿಯಲ್ಲಿದೆ.

ಮರ್ಕೆಲ್ ಹುಟ್ಟಿದ್ದು 1954ರಲ್ಲಿ, ಪಶ್ಚಿಮ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತಂದೆ ಪಾದ್ರಿ. ಜನ ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯಿಂದ ಪಶ್ಚಿಮಕ್ಕೆ ಓಡಿಬರುತ್ತಿದ್ದ ಕಾಲದಲ್ಲಿ ಅವರು ಹಸುಗೂಸನ್ನೂ ಕರೆದುಕೊಂಡು ಪೂರ್ವಕ್ಕೆ ಹೋದರು. ಟೆಂಪ್ಲಿನ್ ಎಂಬ ಸಣ್ಣ ಊರಲ್ಲಿ ಬೆಳೆದ ಹುಡುಗಿ ಲೈಪ್‌ಜಿಗ್‌ನಲ್ಲಿ ಭೌತಶಾಸ್ತ್ರ ಓದಿದಳು. 1978ರಿಂದ ಬರ್ಲಿನ್ನಿನ ಆಡ್ಲರ್ಸ್‌ಹೋಫ್‌ನಲ್ಲಿದ್ದ ವಿಜ್ಞಾನ ಅಕಾಡೆಮಿಯಲ್ಲಿ ಕೆಲಸ. ಅಣುವಿನೊಳಗಿನ ಒಂದು ಬಂಧ ಮುರಿಯುವ ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತದೆ ಎಂದು ಕ್ವಾಂಟಮ್ ರಸಾಯನಶಾಸ್ತ್ರದ ಮೂಲಕ ಲೆಕ್ಕ ಹಾಕಿ 1986ರಲ್ಲಿ ಡಾಕ್ಟರೇಟ್ ಪಡೆದರು. ಭೌತಶಾಸ್ತ್ರವನ್ನೇ ಯಾಕೆ ಆರಿಸಿಕೊಂಡಿರಿ ಎಂಬುದಕ್ಕೆ ಅವರೇ ಸಂಸತ್ತಿನಲ್ಲಿ ಕೊಟ್ಟ ಉತ್ತರ ಇದು: ಸರ್ಕಾರ ಬಹಳಷ್ಟನ್ನು ರದ್ದು ಮಾಡಬಲ್ಲದು, ಗುರುತ್ವಾಕರ್ಷಣೆಯನ್ನೂ ಬೆಳಕಿನ ವೇಗವನ್ನೂ ರದ್ದು ಮಾಡಲಾರದು. ಆಡ್ಲರ್ಸ್‌ಹೋಫ್ ಈಗ ಪ್ರಯೋಗಾಲಯಗಳಿಂದ, ಕಂಪನಿಗಳಿಂದ ತುಂಬಿದೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರೂ ಇದ್ದಾರೆ.

1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿದ್ದಾಗ ಮರ್ಕೆಲ್‌ಗೆ 35 ವರ್ಷ. ಕೈಯಲ್ಲಿ ಕೆಲಸವಿತ್ತು, ಹೆಸರಿರಲಿಲ್ಲ. ಅವರನ್ನು ಯಾರೂ ಬನ್ನಿ ಎಂದು ಕರೆಯಲಿಲ್ಲ. ಆಗಷ್ಟೇ ಹುಟ್ಟಿದ್ದ ‘ಪ್ರಜಾಸತ್ತಾತ್ಮಕ ಜಾಗೃತಿ’ ಎಂಬ ಸಣ್ಣ ಪಕ್ಷದ ಕಚೇರಿಗೆ ತಾವೇ ನಡೆದು ಹೋದರು. ಅಲ್ಲಿ ಪಶ್ಚಿಮದಿಂದ ಬಂದ ಕಂಪ್ಯೂಟರುಗಳು ಡಬ್ಬದಲ್ಲೇ ಬಿದ್ದಿದ್ದವು. ಅವುಗಳನ್ನು ಬಿಚ್ಚಿ ಜೋಡಿಸುವುದು ಅವರ ಮೊದಲ ಕೆಲಸಗಳಲ್ಲೊಂದು. 1990ರ ಮಾರ್ಚ್ ಚುನಾವಣೆಯಲ್ಲಿ ಆ ಪಕ್ಷಕ್ಕೆ ಶೇ 1ರಷ್ಟು ಮತವೂ ಬೀಳಲಿಲ್ಲ. ಆದರೂ ಮರ್ಕೆಲ್ ವಾಪಸ್ ಹೋಗಲಿಲ್ಲ. ಪೂರ್ವ ಜರ್ಮನಿಯ ಕೊನೆಯ ಸರ್ಕಾರದಲ್ಲಿ ಉಪ ವಕ್ತಾರೆಯಾದರು. ಆ ಸಣ್ಣ ಪಕ್ಷ ಸಿಡಿಯು ಎಂಬ ದೊಡ್ಡ ಪಕ್ಷದಲ್ಲಿ ಸೇರಿಹೋಯಿತು. ಡಿಸೆಂಬರಿನಲ್ಲಿ ಸಿಡಿಯುದಿಂದ ಸಂಸತ್ತಿಗೆ ಸ್ಪರ್ಧಿಸಿದರು.

ಆ ಚುನಾವಣೆಯ ಒಂದು ಫೋಟೊ ಇಲ್ಲಿ ಬಹಳ ಪ್ರಸಿದ್ಧ. ಬಾಲ್ಟಿಕ್ ಸಮುದ್ರದ ರ‍್ಯೂಗೆನ್ ದ್ವೀಪ, ಮೀನುಗಾರರ ಗುಡಿಸಲು. ಒಂದೇ ಕಿಟಕಿಯಿಂದ ಬರುವ ಬೂದು ಬೆಳಕು, ಕೆಲಸದ ಬಟ್ಟೆಯಲ್ಲೇ ಕೂತ ಗಂಡಸರು, ಅವರ ನಡುವೆ ಉದ್ದ ಲಂಗದ ಒಬ್ಬಳು ಯುವತಿ. ಆಕೆಯ ಹಿಂದೆ ಬೆಂಬಲಿಗರ ಗುಂಪಿಲ್ಲ, ಕೊರಳಲ್ಲಿ ಹಾರವಿಲ್ಲ. ಪಶ್ಚಿಮದ ಮೀನು ಬಂದರೆ ತಮ್ಮ ಹೊಟ್ಟೆಪಾಡೇನು ಎಂಬ ಭಯದಲ್ಲಿದ್ದ ಜನ ಅವರು. ಆ ಫೋಟೊ ನೋಡಿದಾಗಲೆಲ್ಲ ನಾನು ಆಕೆಯ ಮುಖವನ್ನೇ ಗಮನಿಸುತ್ತೇನೆ: ಕೇಳಿಸಿಕೊಳ್ಳುತ್ತಿರುವವಳ ಮುಖ. ಆ ಸೀಮೆಯ ಜನ 1990ರಿಂದ 2017ರವರೆಗೆ ಪ್ರತಿ ಚುನಾವಣೆಯಲ್ಲೂ ಅವರನ್ನೇ ಗೆಲ್ಲಿಸಿದರು. ಚಾನ್ಸಲರ್ ಪಟ್ಟ ಸಿಕ್ಕಿದ್ದು 2005ರಲ್ಲಿ. ನಡುವಿನ 15 ವರ್ಷ ಮಹಿಳಾ ಖಾತೆ, ಪರಿಸರ ಖಾತೆ, ಪಕ್ಷದ ಪ್ರಧಾನ ಕಾರ್ಯದರ್ಶಿ, ಕೊನೆಗೆ ಅಧ್ಯಕ್ಷೆ. ತಮ್ಮನ್ನು ಬೆಳೆಸಿದ ಮಾಜಿ ಚಾನ್ಸಲರ್ ಹೆಲ್ಮುಟ್ ಕೋಲ್ ದೇಣಿಗೆ ಹಗರಣದಲ್ಲಿ ಸಿಕ್ಕಿಬಿದ್ದಾಗ, ಪಕ್ಷ ಇನ್ನು ಅವರಿಲ್ಲದೆ ನಡೆಯಲು ಕಲಿಯಬೇಕು ಎಂದು 1999ರ ಡಿಸೆಂಬರಿನಲ್ಲಿ ಪತ್ರಿಕೆಯಲ್ಲೇ ಬರೆದರು. ಅದಕ್ಕೆ ಬೇಕಾದ ಗಟ್ಟಿತನ ಪ್ರಯೋಗಾಲಯದಲ್ಲಿ ಸಿಗುವಂಥದ್ದಲ್ಲ. ಹತ್ತು ವರ್ಷದ ರಾಜಕೀಯವೇ ಅದನ್ನು ಕಲಿಸಿತ್ತು.

ಹಾಗಾದರೆ ವಿಜ್ಞಾನ ಕೊಟ್ಟದ್ದೇನು? 2020ರ ಏಪ್ರಿಲ್‌ನಲ್ಲಿ ನಾವೆಲ್ಲ ಮನೆಯೊಳಗೆ ಕೂತು ಟಿವಿ ನೋಡುತ್ತಿದ್ದಾಗ ಅದು ಕಣ್ಣಿಗೆ ಕಂಡಿತು. ಒಬ್ಬ ಸೋಂಕಿತನಿಂದ ಎಷ್ಟು ಜನಕ್ಕೆ ಕೊರೊನಾ ಹರಡುತ್ತದೆ ಎಂಬ ಲೆಕ್ಕ ಆಗ ಸುಮಾರು 1 ಇತ್ತು. ಮರ್ಕೆಲ್ ಚೀಟಿ ನೋಡದೆ ಬಿಡಿಸಿ ಹೇಳಿದರು: ಅದು 1.1 ಆದರೆ ನಮ್ಮ ಆಸ್ಪತ್ರೆಗಳು ಅಕ್ಟೋಬರ್‌ಗೆ ತುಂಬುತ್ತವೆ, 1.2 ಆದರೆ ಜುಲೈಗೆ, 1.3 ಆದರೆ ಜೂನ್‌ಗೇ. ಅಷ್ಟೇ. ದನಿ ಏರಿಸಲಿಲ್ಲ, ಧೈರ್ಯದ ಭಾಷಣ ಮಾಡಲಿಲ್ಲ. ಬಾಗಿಲು ಯಾಕೆ ಮುಚ್ಚಿದೆ, ಯಾವಾಗ ತೆರೆಯಬಹುದು ಎಂದು ನಮ್ಮ ಬೀದಿಯ ಬೇಕರಿಯಲ್ಲಿ ಸಾಲಿನಲ್ಲಿ ನಿಂತವರೂ ಆ ದಶಮಾಂಶಗಳಲ್ಲೇ ಮಾತಾಡತೊಡಗಿದರು. ನಿಮಗೆ ಅರ್ಥವಾಗುತ್ತದೆ ಎಂದು ನಂಬಿ ಜನರಿಗೆ ಲೆಕ್ಕ ಒಪ್ಪಿಸುವ ನಾಯಕರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮರುವರ್ಷ ಈಸ್ಟರ್ ಹಬ್ಬಕ್ಕೆ ಎಲ್ಲವನ್ನೂ ಮುಚ್ಚುವ ತೀರ್ಮಾನ ಮಾಡಿ, ಅದು ಜಾರಿಗೆ ಬರುವಂಥದ್ದಲ್ಲ ಎಂದು ಗೊತ್ತಾದಾಗ ಎರಡೇ ದಿನದಲ್ಲಿ ಹಿಂತೆಗೆದುಕೊಂಡರು. ತಪ್ಪು ತನ್ನೊಬ್ಬಳದೇ ಎಂದು ಹೇಳಿ ಜನರ ಕ್ಷಮೆ ಕೇಳಿದರು. ನಮ್ಮಲ್ಲಿ ಆ ಗುಣ ಇಲ್ಲವೇ ಇಲ್ಲ ಎನ್ನಲಾಗದು. 1979ರಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಹೊಣೆ ಹೊತ್ತವರು ಇಸ್ರೊ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಗೆದ್ದಾಗ ಮಾತಾಡಲು ಕಲಾಂ ಅವರನ್ನು ಮುಂದೆ ಕಳಿಸಿದರು.

ಮರ್ಕೆಲ್ ಮಾಡಿದ್ದೆಲ್ಲ ಸರಿ ಎಂದು ನಾನು ಒಪ್ಪುವವನಲ್ಲ. 2010ರಲ್ಲಿ ಅಣುಸ್ಥಾವರಗಳ ಅವಧಿ ವಿಸ್ತರಿಸಿದವರು, ಫುಕುಶಿಮಾ ದುರಂತದ ನಂತರ ಕೆಲವೇ ತಿಂಗಳಲ್ಲಿ ಎಲ್ಲವನ್ನೂ ಮುಚ್ಚುವ ಕಾನೂನು ತಂದರು. ಜರ್ಮನಿಯ ಸ್ಥಾವರಗಳು ಅಷ್ಟರಲ್ಲಿ ಬದಲಾಗಿರಲಿಲ್ಲ. ಆಗ ಒಂದು ದೊಡ್ಡ ರಾಜ್ಯದ ಚುನಾವಣೆಯೂ ಹತ್ತಿರವಿತ್ತು. ಉಕ್ರೇನಿನಿಂದ ಕ್ರಿಮಿಯಾವನ್ನು ರಷ್ಯಾ ಕಸಿದುಕೊಂಡ ಮೇಲೂ ಅದೇ ರಷ್ಯಾದಿಂದ ಎರಡನೇ ಗ್ಯಾಸ್ ಪೈಪ್‌ಲೈನಿಗೆ ಒಪ್ಪಿದ್ದರ ಬೆಲೆಯನ್ನು 2022ರ ಚಳಿಗಾಲದಲ್ಲಿ ಇಲ್ಲಿನ ಪ್ರತಿ ಮನೆಯೂ ಕಟ್ಟಿತು. ವಿಜ್ಞಾನ ಓದಿದ ಮಾತ್ರಕ್ಕೆ ನಿರ್ಧಾರಗಳೆಲ್ಲ ಸರಿಹೋಗುವುದಿಲ್ಲ. ಆದರೆ ಈ ವಿಷಯಗಳಲ್ಲಿ ಜನ ಮರ್ಕೆಲ್ ಅವರನ್ನು ಇವತ್ತಿಗೂ ಎದುರಿಟ್ಟು ಕೇಳುತ್ತಾರೆ, ಅವರು ಉತ್ತರಿಸುತ್ತಾರೆ. ಹಾಗೆ ಕೇಳುವುದು ಅವಮಾನ ಎಂದು ಇಲ್ಲಿ ಯಾರೂ ತಿಳಿಯುವುದಿಲ್ಲ.

ನಮ್ಮ ರೀತಿ ಬೇರೆ. ನಾವು ವಿಜ್ಞಾನಿಯನ್ನು ಕರೆದು ಕೂರಿಸುತ್ತೇವೆ. ಕಲಾಂ ಅವರನ್ನು ಪಕ್ಷಗಳು ಕರೆದವು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ನಮ್ಮ ನಾಡು ಕಂಡ ದೊಡ್ಡ ಭೌತವಿಜ್ಞಾನಿ. 1990ರಲ್ಲಿ ರಕ್ಷಣಾ ಖಾತೆ ರಾಜ್ಯ ಸಚಿವರಾದರು, ಆಮೇಲೆ ನಾಮನಿರ್ದೇಶನದ ಮೇಲೆ ರಾಜ್ಯಸಭೆಗೆ ಹೋದರು. ಇಸ್ರೊದ ಕಸ್ತೂರಿರಂಗನ್ ಅವರೂ ಹಾಗೆಯೇ. ಎಲ್ಲರೂ ಯೋಗ್ಯರು, ಸಂಶಯವಿಲ್ಲ. ಆದರೆ ಇವರಲ್ಲಿ ಯಾರೂ ಬೀದಿಯಲ್ಲಿ ನಿಂತು ವೋಟು ಕೇಳಿ, ಸೋತು, ಮತ್ತೆ ನಿಂತು ಆ ಸ್ಥಾನ ತಲುಪಿದವರಲ್ಲ. ಗೌರವದ ಹುದ್ದೆ ಸಿಗುತ್ತದೆ, ಅವಧಿ ಮುಗಿಯುತ್ತದೆ, ಫೋಟೊ ಗೋಡೆಗೇರುತ್ತದೆ. ಇತ್ತ ನಮ್ಮ ಮನೆಗಳಲ್ಲಿ ಚೆನ್ನಾಗಿ ಓದುವ ಮಗನಿಗೋ ಮಗಳಿಗೋ ಹೇಳುವ ಮಾತು ಮಾತ್ರ ಬದಲಾಗಿಲ್ಲ: ರಾಜಕೀಯ ನಮ್ಮಂಥವರಿಗಲ್ಲಪ್ಪಾ.

ಬರೀ ಮನಸ್ಸಿನ ಮಾತಲ್ಲ ಇದು, ಕಾಯಿದೆಯದೂ ಹೌದು. ಇಸ್ರೊ, ಡಿಆರ್‌ಡಿಒ ವಿಜ್ಞಾನಿಗಳು ಕೇಂದ್ರ ಸರ್ಕಾರಿ ನೌಕರರು. ನಡತೆ ನಿಯಮದ ಪ್ರಕಾರ ಯಾವ ಪಕ್ಷಕ್ಕೂ ಸೇರುವಂತಿಲ್ಲ. ಜರ್ಮನಿಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು, ವಿಶ್ವವಿದ್ಯಾಲಯದ ಪ್ರೊಫೆಸರು ಪಕ್ಷದ ಸದಸ್ಯರಾಗಬಹುದು. ಸಂಸತ್ತಿಗೆ ಸ್ಪರ್ಧಿಸುವವರಿಗೆ ಪ್ರಚಾರಕ್ಕೆ ರಜೆ ಸಿಗಬೇಕು ಎಂದು ಇಲ್ಲಿನ ಸಂವಿಧಾನದ 48ನೇ ವಿಧಿಯೇ ಹೇಳುತ್ತದೆ. ಕಾಯಂ ಸರ್ಕಾರಿ ನೌಕರ ಗೆದ್ದರೆ ಅವಧಿ ಮುಗಿದ ಮೇಲೆ ಹಳೆಯ ಕೆಲಸಕ್ಕೆ ಮರಳಲು ಅರ್ಜಿ ಹಾಕಬಹುದು. ಚುನಾವಣೆ ಬಂದಾಗ ಶನಿವಾರದ ಸಂತೆಯಲ್ಲಿ ಕೊಡೆಯಡಿ ಮೇಜು ಹಾಕಿಕೊಂಡು ಕರಪತ್ರ ಹಂಚುವವರಲ್ಲಿ ಡಾಕ್ಟರೂ ಇರುತ್ತಾರೆ, ಸಂಶೋಧಕರೂ ಇರುತ್ತಾರೆ. ನಿಯಮ ಸಡಿಲಿಸಿದರೆ ನಮ್ಮ ಪ್ರಯೋಗಾಲಯಗಳಿಗೆ ಪಕ್ಷಗಳ ಜಗಳ ಬರುತ್ತದೆ ಎಂಬ ಭಯ ಇರುವುದು ಗೊತ್ತು. ಆ ಭಯಕ್ಕೆ ಕಾರಣವೂ ಇದೆ. ಆದರೂ ಕನಿಷ್ಠ ರಜೆ ಹಾಕಿ ಸ್ಪರ್ಧಿಸುವ, ಸೋತರೆ ಹಿಂದಿರುಗುವ ಅವಕಾಶವನ್ನಾದರೂ ಕೊಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ದೇಶದಲ್ಲೇ ಹೆಚ್ಚು ವಿಜ್ಞಾನ ಸಂಸ್ಥೆಗಳಿರುವ ಊರುಗಳಲ್ಲಿ ಬೆಂಗಳೂರೂ ಒಂದು. ಕೆರೆಯ ನೊರೆ, ಕಸ, ಕಾವೇರಿ ನೀರಿನ ಲೆಕ್ಕ, ಇವೆಲ್ಲ ಅಂಕಿ ಬಲ್ಲವರು ಕೈಹಾಕಬೇಕಾದ ವಿಷಯಗಳು. ಹೊಸಬರು ರಾಜಕೀಯ ಕಲಿಯಲು ವಾರ್ಡಿಗಿಂತ ಒಳ್ಳೆಯ ಜಾಗ ಇಲ್ಲ. ಆ ಊರಿನಲ್ಲಿ ಪಾಲಿಕೆ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲೇ ನಗರ ನಡೆಯಿತು. ಮೂವತ್ತೈದರ ಒಬ್ಬ ಸಂಶೋಧಕಿ ಮಲ್ಲೇಶ್ವರದಲ್ಲೋ ಯಶವಂತಪುರದಲ್ಲೋ ತನ್ನ ವಾರ್ಡಿಗೆ ನಿಲ್ಲುತ್ತೇನೆ ಎಂದು ಹೊರಟಿದ್ದರೂ ಆ ವರ್ಷಗಳಲ್ಲಿ ಆಕೆಗೆ ನಿಲ್ಲಲು ಚುನಾವಣೆಯೇ ಇರಲಿಲ್ಲ. ಈ ಬಗ್ಗೆ ನಮ್ಮ ವಿಜ್ಞಾನಿಗಳು, ಎಂಜಿನಿಯರುಗಳು, ಹೊರನಾಡಿನಲ್ಲಿರುವ ನಮ್ಮಂಥವರೂ ಜೋರಾಗಿ ಕೇಳಬೇಕಿತ್ತು. ಈಗಲೂ ಕೇಳಬೇಕು.