ಕುಂಬಳದ ಬೀಗತನ

ಗಾದೆಯ ಕುಂಬಳಕಾಯಿ ಕಳ್ಳನು ಈ ಬೇಸಿಗೆಯಲ್ಲಿ ನಮ್ಮ ಹಿತ್ತಲಿಗೆ ಬಂದಿದ್ದರೆ, ಹೆಗಲು ಮುಟ್ಟಿ ನೋಡಿಕೊಳ್ಳುವ ಪ್ರಸಂಗವೇ ಅವನಿಗೆ ಒದಗುತ್ತಿರಲಿಲ್ಲ. ಕಲಬುರಗಿಯ ನಮ್ಮ ಮನೆಯ ಹಿಂದೆ ಶಹಾಬಾದಿ ಫರ್ಶಿ ಹಾಸದೆ ಉಳಿಸಿಕೊಂಡ ಎರಡು ಮಾರು ಎರೆಮಣ್ಣಿದೆ. ಯುಗಾದಿಯ ಮರುದಿನ ನಾನು ಅಲ್ಲಿ ನಾಲ್ಕು ಸಿಹಿಗುಂಬಳದ ಬೀಜ ಊರಿದೆ. ಬಳ್ಳಿ ಕುರಿಗೊಬ್ಬರ ಉಂಡು, ಬಚ್ಚಲ ನೀರು ಕುಡಿದು, ಕಂಪೌಂಡ್ ಗೋಡೆಯನ್ನೇರಿ, ಮೇ ತಿಂಗಳ ನಡುವಿನಲ್ಲಿ ಅಂಗೈಯಗಲದ ಹಳದಿ ಹೂಗಳನ್ನು ಬಿಟ್ಟಿತು. ನಾನು ಅವನ್ನು ಎಣಿಸಿ, ಹದಿನೇಳು ಎಂದು ಖಚಿತಪಡಿಸಿಕೊಂಡು, ಮನೆಗೆ ಎಂಟು, ಬಂಧುಗಳಿಗೆ ಐದು, ಕಚೇರಿಯ ಸಾಹೇಬರಿಗೆ ಒಂದು, ಉಳಿದ ಮೂರು ಬೀಜಕ್ಕೆ ಎಂದು ಹಂಚಿಕೆಯನ್ನೂ ಮುಗಿಸಿದೆ.

ಹದಿನೇಳೂ ಉದುರಿದವು. ಮುಂದಿನ ವಾರದ ಇಪ್ಪತ್ತಮೂರು ಹೂಗಳೂ ಅದೇ ದಾರಿ ಹಿಡಿದವು. ಕಸುವು ಸಾಲದಾಗಿದೆ ಎಂದು ಭಾವಿಸಿ ಇನ್ನೊಂದು ಪುಟ್ಟಿ ಗೊಬ್ಬರ ಸುರಿದರೆ, ಬಳ್ಳಿ ಅದನ್ನೆಲ್ಲ ಎಲೆಯಾಗಿ ಪರಿವರ್ತಿಸಿ ಪಕ್ಕದ ಮನೆಯ ಕಿಟಕಿಗೆ ಪರದೆ ಕಟ್ಟಿತು. ಆಳಂದದ ಕಡೆಯ ಊರಿನಿಂದ ಬಂದಿದ್ದ ಅವ್ವ ಒಮ್ಮೆ ಬಗ್ಗಿ ನೋಡಿ, "ಇವೆಲ್ಲಾ ಗಂಡು ಹೂ ಅದಾವೋ ತಮ್ಮಾ, ಬುಡದಾಗ ಹೀಚು ಎಲ್ಲದ ನೋಡು?" ಎಂದಳು.

ಪದವಿ ಪಡೆದವನಿಗೆ ಈ ಸಂಗತಿ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಉದ್ದನೆಯ ಸಣ್ಣ ತೊಟ್ಟಿನ ಮೇಲೆ ನಿಲ್ಲುವುದು ಗಂಡು ಹೂ. ಗಿಡ್ಡ ತೊಟ್ಟಿದ್ದು, ದಳಗಳ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿಯನ್ನು ಹೊತ್ತುಕೊಂಡೇ ಅರಳುವುದು ಹೆಣ್ಣು. ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ, ಆದರೆ ಗಂಡು ಹೂಗಳು ಮೊದಲು ಬರುತ್ತವೆ. ಹಗಲು ದೀರ್ಘವಾಗಿ ಬಿಸಿಲು ಹೆಚ್ಚಿದಷ್ಟೂ ಅವುಗಳ ಸಂಖ್ಯೆಯೇ ಏರುತ್ತದೆ, ಹವೆ ತಂಪಾದ ಮೇಲೆ ಹೆಣ್ಣು ಹೂಗಳು ಹೆಚ್ಚುತ್ತವೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕುಳಿತು ಬಳ್ಳಿಯನ್ನು ದೂರುವುದು ನ್ಯಾಯವಲ್ಲ. ಗಂಡು ಹೂ ಹೇಗೂ ನಿರುಪಯೋಗಿ ಎಂಬ ನನ್ನ ತೀರ್ಮಾನವನ್ನು ಕೇಳಿ ಮನೆಯವಳು ಅವನ್ನು ಮೊಗ್ಗಿರುವಾಗಲೇ ಕಿತ್ತು, ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯತೊಡಗಿದಳು. ಭಜಿ ಬಹಳ ಚೆನ್ನಾಗಿದ್ದವು; ಅದೇ ಮುಂದೆ ತೊಂದರೆಯಾಯಿತು.

ಮಿರಗದ ಮಳೆ ಬಿದ್ದು ನೆಲ ತಂಪಾದ ವಾರದಲ್ಲಿ ಹೆಣ್ಣು ಹೂಗಳು ಕಾಣಿಸಿಕೊಂಡವು. ಮಾಳಿಗೆಯ ಕಾವು ಇಳಿಯುವ ತನಕ ನಿದ್ರೆ ಬಾರದೆ, ಬೆಳಿಗ್ಗೆ ಎಂಟೂವರೆಗೆ ಏಳುವುದು ನನಗೆ ಬೇಸಿಗೆಯಿಡೀ ರೂಢಿಯಾಗಿತ್ತು. ಕುಂಬಳದ ಹೂವಾದರೋ ನಸುಕಿನಲ್ಲಿ ಅರಳಿ, ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ, ಮರುದಿನ ಮತ್ತೆ ತೆರೆಯುವುದಿಲ್ಲ. ಅದರ ಪರಾಗ ಭಾರವಾಗಿ ಅಂಟಂಟಾಗಿರುವುದರಿಂದ ಗಾಳಿ ಅದನ್ನು ಒಯ್ಯಲಾರದು, ಜೇನೇ ಒಯ್ಯಬೇಕು. ಎಲೆಯ ಹೇನಿಗೆಂದು ಮುಂಜಾನೆಯ ಹೊತ್ತಿನಲ್ಲಿಯೇ ಔಷಧ ಹೊಡೆದು ಆ ಜೇನುಗಳನ್ನು ಓಡಿಸಿದವನು ಯಾರೆಂಬುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಗೋಲಿಗಾತ್ರದ ಹೀಚುಗಳು ಮೂರು ನಾಲ್ಕು ದಿನಗಳಲ್ಲಿ ಹಳದಿಯಾಗಿ, ತುದಿ ಕೊಳೆತು ಬಿದ್ದವು.

ಆಮೇಲೆ ನಾನೇ ಜೇನಾಗಲು ನಿಶ್ಚಯಿಸಿ ಐದೂವರೆಗೆ ಅಲಾರಂ ಇಟ್ಟೆ. ಎದ್ದು ನೋಡಿದರೆ ಒಂದು ಹೆಣ್ಣು ಹೂ ಅರಳಿ ನಿಂತಿದೆ. ಗಂಡು ಹೂಗಳೆಲ್ಲ ಹಿಂದಿನ ಸಂಜೆಯೇ ಭಜಿಯಾಗಿವೆ. ಬನಿಯನ್ ಮತ್ತು ಲುಂಗಿಯಲ್ಲಿಯೇ ಹಿಂದಿನ ಓಣಿಯ ಕಾಕುವಿನ ಮನೆಗೆ ಓಡಿ, "ಕಾಕು, ಒಂದು ಗಂಡು ಹೂ ಕೊಡ್ರಿ" ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮುಂಜಾನಿ ಮುಂಜಾನಿ ಏನಾಗ್ಯದ್ರಿ ಸರ ನಿಮಗ? ಅಲ್ಲಿ ಬೇಲಿ ಮ್ಯಾಲ ಹಳದಿ ಹೂ ರಗಡ್ ಅದಾವ, ಹರಕೊಂಡ್ ಹೋಗ್ರಿ" ಎಂದರು. ಹರಿದು ತಂದು, ದಳ ಸುಲಿದು, ಹೆಣ್ಣು ಹೂವಿನ ನಡುವೆ ಭಕ್ತಿಯಿಂದ ಸವರಿದೆ. ನಾಲ್ಕನೆಯ ದಿನ ಆ ಹೀಚೂ ಬಿತ್ತು. ಸಂಜೆ ಕನ್ನಡಕ ಹಾಕಿಕೊಂಡು ಹೋಗಿ ನೋಡಿದಾಗ, ಕಾಕುವಿನ ಬೇಲಿಯ ಮೇಲಿದ್ದುದು ತುಪ್ಪದ ಹೀರೆ. ಗೆರೆಯ ಹೀರೆಯಾಗಿದ್ದರೆ ಸಂಜೆಗೆ ಅರಳುವ ಹೂವಾದ್ದರಿಂದ ಬೆಳಿಗ್ಗೆ ನನಗೆ ಸಂಶಯವಾದರೂ ಬರುತ್ತಿತ್ತು. ತುಪ್ಪದ ಹೀರೆ ಕುಂಬಳದಂತೆಯೇ ಮುಂಜಾನೆ ಹಳದಿಯಾಗಿ ಅರಳಿ ನನ್ನನ್ನು ಮೋಸಗೊಳಿಸಿತ್ತು. ಕುಲವೇ ಬೇರೆಯಾದ ಆ ಹೂವಿನ ಪರಾಗದಿಂದ ಕುಂಬಳ ಕಾಯಿಗಟ್ಟುವುದಿಲ್ಲ.

ಕಾಕುವಿನ ಮಾಳಿಗೆಯ ಮೇಲೆ ನಿಜವಾದ ಕುಂಬಳದ ಬಳ್ಳಿಯೂ ಇತ್ತು. ಮರುವಾರ ಅವರೇ ಕಾಯ್ದಿದ್ದು, ಗಂಡು ಹೂವೊಂದನ್ನು ತಾಂಬೂಲದಂತೆ ಎಲೆಯಲ್ಲಿಟ್ಟು ಕಳಿಸಿದರು. ಅಷ್ಟರಲ್ಲಿ ಹನಿ ಬೀಳತೊಡಗಿದ್ದರಿಂದ ಅವಸರದಲ್ಲಿ ಒಂದು ಮಗ್ಗುಲಿಗೆ ಮಾತ್ರ ಸವರಿ ಒಳಗೆ ಓಡಿಬಂದೆ. ಹೆಣ್ಣು ಹೂವಿನ ನಡುವೆ ಪರಾಗ ಹಿಡಿಯುವ ಶಲಾಕಾಗ್ರಕ್ಕೆ ಮೂರು ಹಾಲೆಗಳಿದ್ದು, ಮೂರಕ್ಕೂ ಸಾಕಷ್ಟು ಪರಾಗ ಅಂಟದಿದ್ದರೆ ಕಾಯಿ ಸೊಟ್ಟಗಾಗುತ್ತದೆ ಎಂಬುದು ಶ್ರಾವಣದಲ್ಲಿ ಕಣ್ಣಿಗೇ ಕಂಡಿತು: ಒಂದು ಕಡೆ ಡೊಳ್ಳಿನಂತೆ ಉಬ್ಬಿ, ಇನ್ನೊಂದು ಕಡೆ ಹಲ್ಲಿಲ್ಲದ ಗಲ್ಲದಂತೆ ಒಳಗೆ ಹೋದ ಒಂದೇ ಒಂದು ಕುಂಬಳಕಾಯಿ.

ಹೆಚ್ಚುವ ದಿನ ಕಾಕು ಬುಟ್ಟಿ ಹಿಡಿದೇ ಬಂದರು. "ನಾವು ಗಂಡಿನ ಕಡ್ಯವ್ರು ಸರ, ಉಬ್ಬಿದ್ದು ನಮಗ ಬರಬೇಕು" ಎಂದರು. ನಾನು ಅವ್ವನ ಮುಖ ನೋಡಿದೆ. ಅವ್ವ "ಬೀಗರ ಮಾತು ಖರೇ ಅದ" ಎನ್ನುತ್ತ ಈಳಿಗೆಯನ್ನು ಎಳೆದುಕೊಂಡಳು. ನಮ್ಮ ಪಾಲಿಗೆ ಬಂದ ಸೊಟ್ಟ ಹೋಳಿನಿಂದ ಹನ್ನೊಂದು ಗಾರಿಗೆಗಳಾದವು. ಬೀಜಗಳು ಬಲಿತದ್ದೆಲ್ಲ ಉಬ್ಬಿದ ಮಗ್ಗುಲಿನಲ್ಲಿಯೇ ಇದ್ದುದರಿಂದ, ಬರುವ ಯುಗಾದಿಗೆ ಊರಲು ಬೀಜ ಬೇಕೆಂದರೆ ಮತ್ತೆ ಕಾಕುವಿನ ಮನೆಗೇ ಹೋಗಬೇಕು.